ಫೀಡ್‌ಬ್ಯಾಕ್ ಕೊಟ್ಟಿದ್ದಕ್ಕೆ ಅಪ್ಪನನ್ನು ಕರೆಸಿದರು

ಸಂಪಾದಕರೇ,

ಮೊನ್ನೆ ನಿಮ್ಮ ಹಾಸನ ಪುಟದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಹುಡುಗರ ಸುದ್ದಿ ಬಂದಿತ್ತಲ್ಲ, ‘ಕ್ಷುಲ್ಲಕ ಕಾರಣಕ್ಕೆ ತರಗತಿ ಬಹಿಷ್ಕಾರ’ ಅಂತ. ಆ ಕ್ಷುಲ್ಲಕ ಕಾರಣ ಅಂದರೆ ಪಾಠ ಅರ್ಥವಾಗದಿರುವುದು, ಅದರಲ್ಲಿ ನನ್ನ ಮಗನೂ ಇದ್ದಾನೆ. ಅದೇ ಕಾರಣಕ್ಕೆ ನಿನ್ನೆ ನನ್ನನ್ನು ಕಾಲೇಜಿಗೆ ಕರೆಸಿ ಬೆಳಿಗ್ಗೆ 10ರಿಂದ ಮಧ್ಯಾಹ್ನ ಒಂದೂಮುಕ್ಕಾಲರವರೆಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಬೆನ್ನು ಆನಿಸಲು ಹಲಗೆಯೂ ಇಲ್ಲದ ಬೆಂಚು. ಸೊಂಟ ಇನ್ನೂ ಹಿಡಿದುಕೊಂಡೇ ಇದೆ, ಅದಕ್ಕೇ ಪತ್ರ ಸ್ವಲ್ಪ ಖಾರವಾದರೆ ಕ್ಷಮಿಸಿ.

ಕಾಲೇಜಿನ ರಸ್ತೆಯಲ್ಲೇ ನನ್ನದೊಂದು ಜೆರಾಕ್ಸ್ ಅಂಗಡಿ. ನಿನ್ನೆ ಲ್ಯಾಬ್ ರೆಕಾರ್ಡ್ ಕೊಡಲು ಕೊನೇ ದಿನ. ಅಂಥ ವ್ಯಾಪಾರದ ದಿನ ನಮಗೆ ವರ್ಷಕ್ಕೆ ನಾಲ್ಕೋ ಐದೋ ಬರುತ್ತವೆ. ಶಟರ್ ಎಳೆದು ಹೋದೆ. ಸ್ಪೈರಲ್ ಬೈಂಡಿಂಗಿಗೆ ಕೊಟ್ಟಿದ್ದ ಮಕ್ಕಳು ಮುಚ್ಚಿದ ಶಟರಿನ ಮುಂದೆ ನಿಂತು ಫೋನಿನ ಮೇಲೆ ಫೋನ್. ಇಲ್ಲಿ ಅಟೆಂಡರ್, “ಸೈಲೆಂಟಿಗೆ ಹಾಕ್ರಿ ಸ್ವಾಮಿ, ಸಾಹೇಬ್ರು ಮೀಟಿಂಗ್‌ನಲ್ಲಿದಾರೆ” ಅಂತ ಗದರುತ್ತಿದ್ದ. ಹೊರಗೆ ಬಂದಾಗ 17 ಮಿಸ್ಡ್ ಕಾಲ್. ಮೀಟಿಂಗ್ ಎಲ್ಲಿತ್ತೋ ದೇವರೇ ಬಲ್ಲ. ಛೇಂಬರಿನ ಬಾಗಿಲು ಒಮ್ಮೆ ತೆರೆದಾಗ ಇಣುಕಿದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೆದರೆ ಒಳಗೆ ದೀಪ ಉರಿಯುತ್ತಿರುತ್ತದಂತೆ. ಇಲ್ಲಿ ಖಾಲಿ ಕುರ್ಚಿಗೆ ಎಸಿ ಓಡುತ್ತಿತ್ತು.

ಮಗ ಮಾಡಿದ ಅಪರಾಧ ಏನಪ್ಪಾ ಅಂದರೆ, ಕಾಲೇಜಿನವರೇ ಕೊಟ್ಟ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ‘ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಠ ಅರ್ಥವಾಗುವುದಿಲ್ಲ, ಪ್ರಶ್ನೆ ಕೇಳಿದರೆ ಕೂರಿಸುತ್ತಾರೆ’ ಎಂದು ಬರೆದದ್ದು. ನೀರು, ಗಾಳಿ ಹರಿಯುವ ಬಗೆಯ ಪಾಠ ಅದು. ಹೆಸರು ಬರೆಯಬೇಕಾಗಿಲ್ಲ, ಗೌಪ್ಯ ಎಂದು ಫಾರ್ಮಿನ ತಲೆಯ ಮೇಲೇ ಇತ್ತಂತೆ. ಆದರೆ ಅದು ತೆರೆಯಬೇಕಾದರೆ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಒಬ್ಬೊಬ್ಬರಿಗೂ ಕೊಟ್ಟ ನಂಬರ್ ಹಾಕಿ ಲಾಗಿನ್ ಆಗಬೇಕು! ಮುಸುಕು ಹಾಕಿಕೊಂಡು ಬಾ, ಬಾಗಿಲಲ್ಲಿ ಆಧಾರ್ ಕಾರ್ಡ್ ತೋರಿಸು ಅಂದ ಹಾಗೆ.

ಅವನು ಕೇಳಿದ ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ. ಪೈಪು ಕಿರಿದಾದ ಕಡೆ ನೀರಿನ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ ಎಂದು ಬರ್ನೂಲಿಯ ಸೂತ್ರ. ಇವನು ಮನೆಯಲ್ಲಿ ಗಿಡಕ್ಕೆ ನೀರು ಬಿಡುವವನು. “ಸರ್, ಹೋಸ್‌ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಬೆರಳನ್ನೇ ತಳ್ಳುತ್ತೆ, ಒತ್ತಡ ಕಡಿಮೆ ಆಗೋದು ಹೇಗೆ?” ಎಂದು ಕೇಳಿದ್ದಾನೆ. ತಪ್ಪು ಪ್ರಶ್ನೆಯಾ ಇದು? “ಎಕ್ಸಾಮ್‌ನಲ್ಲಿ ಹೋಸ್‌ಪೈಪ್ ಬರಲ್ಲ, ಕೂತ್ಕೊ” ಎಂದು ಉತ್ತರ ಬಂತು. ಕೊನೆಗೆ ವಿವರಿಸಿದ್ದು ಲ್ಯಾಬಿನ ಹಳೇ ಅಟೆಂಡರ್. ನಡುವೆ ಕಿರಿದಾದ ಪೈಪಿನಲ್ಲಿ ನೀರಿನ ಹರಿವು ಅಳೆಯುವ ವೆಂಚುರಿಮೀಟರಿನ ಹತ್ತಿರ ನಿಲ್ಲಿಸಿ, ಆ ಕಿರಿದಾದ ಗಂಟಲಿನ ಕಡೆಯ ಕೊಳವೆಯಲ್ಲಿ ಪಾದರಸ ಮೇಲೇರಿದ್ದನ್ನು ತೋರಿಸಿ, “ನೋಡು ಮಗ, ಅಗಲದ ಕಡೆ ಒತ್ತಡ ಜಾಸ್ತಿ, ಅದಕ್ಕೆ ಪಾದರಸಾನ ಆ ಕಡೆಯಿಂದ ಈ ಕಡೆಗೆ ತಳ್ಳಿದೆ. ನಿನ್ನ ಬೆರಳು ಮುಟ್ಟೋದು ಪೈಪಿನ ಒಳಗೆ ತಡೆದು ನಿಂತ ನೀರನ್ನ, ಹಾರಿಹೋಗೋ ನೀರನ್ನಲ್ಲ” ಎಂದರಂತೆ. ಎರಡೇ ನಿಮಿಷ, ಅಚ್ಚ ಕನ್ನಡದಲ್ಲಿ. ಅವರ ಸಂಬಳವೆಷ್ಟು, ಇವರ ಸಂಬಳವೆಷ್ಟು ಎಂದು ನಾನು ಕೇಳುವುದಿಲ್ಲ.

ಈ ಪ್ರೊಫೆಸರ್ ಸಾಹೇಬರ ನೋಟ್ಸನ್ನು ಎಂಟು ವರ್ಷದಿಂದ ಜೆರಾಕ್ಸ್ ಮಾಡುತ್ತಿರುವವನು ನಾನೇ, ಹಾಗಾಗಿ ನನಗೂ ಸ್ವಲ್ಪ ವಿದ್ಯೆ ಬಂದಿದೆ. 31ನೇ ಪುಟದಲ್ಲಿ ಕಾಫಿ ಲೋಟ ಇಟ್ಟ ಕಲೆ ಒಂದಿದೆ, ಉಂಗುರದ ಹಾಗೆ. ಕಾಪಿಯ ಕಾಪಿಯಾಗಿ ಈಗ ಅದು ದಟ್ಟ ಕಪ್ಪು. ಕಳೆದ ವರ್ಷ ಒಬ್ಬ ಹುಡುಗ ಅದನ್ನು ಪೈಪಿನ ಅಡ್ಡಕೊಯ್ತ ಎಂದುಕೊಂಡು ಕೈವಾರ ಹಿಡಿದು ರೆಕಾರ್ಡಿನಲ್ಲಿ ನೀಟಾಗಿ ಬಿಡಿಸಿ, ವ್ಯಾಸ ‘ಡಿ’ ಎಂದು ಗುರುತು ಹಾಕಿದ್ದ. ಅದಕ್ಕೆ ಟಿಕ್ ಕೂಡ ಬಿದ್ದಿತ್ತು! ಕ್ಲಾಸಿನಲ್ಲಿ ಪಿಪಿಟಿ ಓದುತ್ತಾರೆ. ‘ಚಿತ್ರ ನೋಡಿ’ ಎಂದಿದ್ದರೆ ಅದನ್ನೂ ಓದುತ್ತಾರೆ, ಚಿತ್ರ ಮಾತ್ರ ಬರುವುದಿಲ್ಲ. ಸಿಲಬಸ್ ಮುಗಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಎಲ್ಲರಿಗಿಂತ ಎರಡು ವಾರ ಮೊದಲೇ ಮುಗಿಸುತ್ತಾರೆ. ಗೊರೂರು ಡ್ಯಾಂ ಇಲ್ಲೇ ಇದೆ, ನೀರಿನ ಪಾಠಕ್ಕೆ ಅದಕ್ಕಿಂತ ದೊಡ್ಡ ಲ್ಯಾಬ್ ಬೇಕೆ? ಒಂದು ದಿನವೂ ಹುಡುಗರನ್ನು ಕರೆದುಕೊಂಡು ಹೋದವರಲ್ಲ.

ಹುಡುಗರು ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ನಿಮ್ಮ ವರದಿಗಾರರು ಕೇಳಬಹುದು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಲ್ಲಿ 100ಕ್ಕೆ 50 ಇಂಟರ್ನಲ್ಸ್, ಕಾಲೇಜಿನವರೇ ಹಾಕುವ ಅಂಕ. ಅದರಲ್ಲಿ 20 ಬಾರದಿದ್ದರೆ ಕೊನೇ ಪರೀಕ್ಷೆಗೇ ಕೂರುವ ಹಾಗಿಲ್ಲ. ಆ 50 ಅಂಕ ಯಾರ ಕೈಲಿದೆಯೋ ಅವರ ಮೇಲೇ ದೂರು ಬರೆಯಬೇಕು. ಆಲೂರು, ಅರಕಲಗೂಡು ಕಡೆಯಿಂದ ಬೆಳಿಗ್ಗೆ ಆರರ ಬಸ್ಸಿಗೆ ನೇತಾಡಿಕೊಂಡು ಬರುವ ಮಕ್ಕಳು, ಮನೆಯಲ್ಲಿ ಶುಂಠಿ ದುಡ್ಡಲ್ಲಿ ಫೀಸು ಕಟ್ಟಿದ್ದಾರೆ, ಅವರು ಬಾಯಿ ಬಿಡುತ್ತಾರೆಯೇ?

ಒಂದೂಮುಕ್ಕಾಲಿಗೆ ಒಳಗೆ ಕರೆದರು. ನಾಲ್ಕು ನಿಮಿಷ. “ನಿಮ್ಮ ಹುಡುಗನಿಗೆ ಸಂಸ್ಕಾರ ಕಲಿಸಿ” ಎಂದರು. “ಅದು ನಾವು ಕಲಿಸ್ತೀವಿ ಸಾರ್, ಫ್ಲೂಯಿಡ್ ಮೆಕ್ಯಾನಿಕ್ಸ್ ನೀವು ಕಲಿಸಿ” ಅನ್ನಬೇಕಿತ್ತು. ಅನ್ನಲಿಲ್ಲ. ಮುಚ್ಚಳಿಕೆಗೆ ಸಹಿ ಹಾಕಿ ಬಂದೆ. ಅದರ ಮೂರು ಪ್ರತಿ ಬೇಕು ಎಂದರು, ಅದನ್ನೂ ನನ್ನ ಅಂಗಡಿಯಲ್ಲೇ ತೆಗೆದುಕೊಟ್ಟೆ. ದುಡ್ಡು ಕೊಡಲಿಲ್ಲ.

ವಾಪಸ್ ಬಂದರೆ ಅಂಗಡಿ ಮುಂದೆ ಮೊಣಕಾಲುದ್ದ ನೀರು. ಹೋದ ವರ್ಷ ಇಲ್ಲಿ ಹೊಸ ಚರಂಡಿ ಕಟ್ಟಿದರು. ಮಳೆ ಬಂದರೆ ನೀರು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನನ್ನ ಮೆಟ್ಟಿಲಿಗೇ ಬರುತ್ತದೆ. ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಚರಂಡಿಯವರು ಪೈಪಿನವರನ್ನು ತೋರಿಸುತ್ತಾರೆ, ಪೈಪಿನವರು ಕೇಬಲಿನವರನ್ನು ತೋರಿಸುತ್ತಾರೆ, ಕೇಬಲಿನವರು ಯಾರೆಂದು ಇವತ್ತಿನವರೆಗೂ ಗೊತ್ತಿಲ್ಲ. ಅಳತೆಗೆ ಬಂದಿದ್ದ ಇಂಜಿನಿಯರ್ ಸಾಹೇಬರು ಜೀಪಿನಿಂದ ಇಳಿಯಲೇ ಇಲ್ಲ. ನೀರು ತಗ್ಗಿಗೆ ಹರಿಯುತ್ತದೆ ಎಂಬುದು ಎಷ್ಟನೇ ಮಾಡ್ಯೂಲಿನಲ್ಲಿ ಬರುತ್ತದೋ, ಅವರ ಕಾಲದಲ್ಲೂ ಆ ಸ್ಲೈಡಿಗೆ ಚಿತ್ರ ಇರಲಿಲ್ಲವೇನೋ. ಪ್ರತಿ ಸೆಪ್ಟೆಂಬರ್ 15ಕ್ಕೆ ಇವರೆಲ್ಲ ಸೇರಿ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತಾರೆ. ಹಾಕಲಿ, ಫೋಟೋ ಮಾತಾಡುವುದಿಲ್ಲವಲ್ಲ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕು. ವಿಶ್ವವಿದ್ಯಾಲಯದವರು ಬಂದು ಒಂದು ದಿನ ಆ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂರಬೇಕು, ಇಲ್ಲವೇ ಆ ಲ್ಯಾಬ್ ಅಟೆಂಡರಿಗೇ ಪಾಠ ಒಪ್ಪಿಸಬೇಕು. ಚರಂಡಿಯನ್ನೂ ಯಾರಾದರೂ ನೋಡಬೇಕು. ‘ಕ್ಷುಲ್ಲಕ’ ಎಂಬ ಪದವನ್ನು ನೀವು ವಾಪಸ್ ಪಡೆಯಬೇಕು. ಇಷ್ಟರಲ್ಲಿ ಒಂದಾದರೂ ಆದೀತೆಂಬ ನಂಬಿಕೆ ನನಗಿಲ್ಲ, ನಾಚಿಕೆ ಇರುವವರಿಗಾದರೆ ಹೇಳಬಹುದು.

ಇತಿ,
ನೊಂದ ಪೋಷಕ, ಹಾಸನ

ವಿ.ಸೂ.: ದಯವಿಟ್ಟು ಹೆಸರು ಹಾಕಬೇಡಿ, ಮಗನಿಗೆ ಇನ್ನೊಂದು ಇಂಟರ್ನಲ್ಸ್ ಬಾಕಿ ಇದೆ. ಜೆರಾಕ್ಸ್ ಅಂಗಡಿಯ ವಿಷಯವನ್ನೂ ಬೇಕಾದರೆ ತೆಗೆದುಬಿಡಿ. ಆ ರಸ್ತೆಯಲ್ಲಿ ಇರುವುದೇ ಮೂರು.