ಗೆಳೆಯನಿಗೊಂದು ಪತ್ರ: ಶಿಳ್ಳೆ ಹೊಡೆಯಲು ಹೋಗಿ ಸುಮ್ಮನಾದೆ

ಪ್ರೀತಿಯ ಗೆಳೆಯಾ,

ಉತ್ತರ ತಡವಾಯಿತು, ಬೈಕೋಬೇಡ. ಈಗ ಬೆಂಗಳೂರಲ್ಲಿ ಸಿನಿಮಾ ಎಲ್ಲಿ ನೋಡ್ತೀಯ ಅಂತ ನೀನು ಕೇಳಿದ್ದೆ.

ಆಗ ನಮ್ಮ ಲೆಕ್ಕ ಸುಲಭವಿತ್ತು. ಹೊಡೆದಾಟದ ಸಿನಿಮಾ ಅಂದರೆ ಕೆ.ಜಿ. ರಸ್ತೆಯ ನರ್ತಕಿ, ಸಂತೋಷ್ ಟಾಕೀಸು. ಪರದೆಯ ಮುಂದಿನ ಅಗ್ಗದ ಸಾಲು, ಗಾಂಧಿ ಕ್ಲಾಸಲ್ಲಿ ಕೂತು ಗಂಟಲು ಕಟ್ಟುವ ತನಕ ಕೂಗಾಟ. ಆರ್ಟ್ ಸಿನಿಮಾ ಅಂದರೆ ಬಸ್ ಹತ್ತಿ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ. ಅಲ್ಲಿ ಕೆಮ್ಮೋದಕ್ಕೂ ಸಂಕೋಚ. ಎರಡೂ ಕಡೆ ಹೋಗುತ್ತಿದ್ದವರು ಕ್ಲಾಸಲ್ಲಿ ನಾವಿಬ್ಬರೇ, ಅಲ್ವಾ?

ಈಗ ಎರಡೂ ಒಂದೇ ಸೂರಿನ ಕೆಳಗೆ. ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ 11 ಪರದೆಗಳಿವೆ. 2025ರ ಮಾರ್ಚ್ 1ರಿಂದ 8ರವರೆಗೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದದ್ದು ಅಲ್ಲೇ. 800 ರೂಪಾಯಿ ಕೊಟ್ಟು ಪಾಸ್ ಮಾಡಿಸಿದೆ. ಪಾಸ್ ಇದೆ ಅಂದರೆ ಸೀಟು ಇದೆ ಅಂತಲ್ಲ ಕಣೋ. ಮೊದಲು ಬಂದವರಿಗೆ ಮೊದಲು.

ಕ್ಯೂನಲ್ಲಿ ನನ್ನ ಮುಂದೆ ಒಬ್ಬರು ಹಿರಿಯರು. ಜೇಬಲ್ಲಿ ನಾಲ್ಕಾಗಿ ಮಡಿಸಿದ ವೇಳಾಪಟ್ಟಿ, ಅದರ ತುಂಬಾ ಪೆನ್ಸಿಲ್ ಗುರುತು. ದಿನಕ್ಕೆ ಐದು ಸಿನಿಮಾ ಅಂತೆ! ಕವರಿನಿಂದ ಒಂದು ಕೋಡುಬಳೆ ತೆಗೆದು ನನಗೂ ಕೊಟ್ಟರು. ತಿಂದ ಮೇಲೆ ಕಾಫಿ ಬೇಕೆನಿಸಿತು. ಕೆಳಗೆ ಹೋಗಿ ಬರುವಷ್ಟರಲ್ಲಿ ಕ್ಯೂ ಇಲ್ಲ, ಬಾಗಿಲು ಹಾಕಿದೆ. ಸಬ್‌ಟೈಟಲ್ ಓದಿಕೊಂಡು ನೋಡುವ ಸಿನಿಮಾ, ವಾರದ ನಡುವೆ, ಹೌಸ್‌ಫುಲ್!

ಪೆಚ್ಚುಮೋರೆ ಹಾಕಿಕೊಂಡು ಪಕ್ಕದ ಪರದೆಗೆ ಟಿಕೆಟ್ ತೆಗೆದುಕೊಂಡೆ. ದೊಡ್ಡ ಹೀರೋ ಸಿನಿಮಾ. ಒಳಗೆ ಎಣಿಸಿದೆ, ನನ್ನನ್ನೂ ಸೇರಿಸಿ 11 ಜನ. ಹೀರೋ ಧೂಳೆಬ್ಬಿಸಿಕೊಂಡು ಬಂದ. ಯಾರೂ ಮಿಸುಕಲಿಲ್ಲ. ಅಭ್ಯಾಸಬಲದಿಂದ ಎರಡು ಬೆರಳು ಬಾಯಿಗೆ ಹೋದವು. ಆಮೇಲೆ ನಾಚಿಕೆಯಾಗಿ ಕನ್ನಡಕ ಸರಿಮಾಡಿಕೊಂಡೆ.

ಕಲಾತ್ಮಕ ಸಿನಿಮಾಗೆ ಜನ ಇಲ್ಲ ಅಂತ ಯಾರು ಹೇಳಿದ್ದು ಅಂತ ಅವತ್ತು ಮನೆಯಲ್ಲಿ ದೊಡ್ಡ ಭಾಷಣ ಮಾಡಿದೆ. ಮುಂದಿನದು ಕೇಳು. ಕೆಲವು ತಿಂಗಳ ಮೇಲೆ ಒಂದು ಸಣ್ಣ ಕನ್ನಡ ಸಿನಿಮಾ ಬಂತು. ನಾವಿಬ್ಬರೂ ಜಗಳವಾಡಿಕೊಂಡು ಮಾತಾಡಬಹುದಾದಂಥದ್ದು. ಮನೆ ಹತ್ತಿರದ ಮಲ್ಟಿಪ್ಲೆಕ್ಸ್‌ನಲ್ಲಿ ದಿನಕ್ಕೆ ಒಂದೇ ಆಟ, ಬೆಳಗ್ಗೆ ಹತ್ತೂ ಕಾಲಿಗೆ. ಶುಕ್ರವಾರ ಆಫೀಸು. ಶನಿವಾರ ಗ್ಯಾಸ್ ಸಿಲಿಂಡರ್ ಬರೋದಿತ್ತು. ಭಾನುವಾರ ಸುಮ್ನೆ ಮಲಗಿದೆ. ಸೋಮವಾರ ಆ್ಯಪ್‌ನಲ್ಲಿ ಹೆಸರೇ ಇಲ್ಲ.

ಟಿಕೆಟ್ ದರ ಜಾಸ್ತಿ ಅಂತ ಗೊಣಗೋಣ ಅಂದರೆ ಅದೂ ಆಗಲ್ಲ. ಸರ್ಕಾರ 2025ರ ಸೆಪ್ಟೆಂಬರಿನಲ್ಲಿ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದರೆ ನಾನು ಬಿಟ್ಟ ಆಟದ ಟಿಕೆಟ್ ಬರೀ 150. ಉತ್ಸವದಲ್ಲಿ ಮೆಟ್ಟಿಲ ಮೇಲಾದರೂ ಕೂರ್ತೀನಿ ಅಂತ ಬಾಗಿಲಲ್ಲಿ ಗೋಗರೆದವನು ನಾನೇ. ಸೀಟು ಖಾಲಿ ಇದ್ದಾಗ ಹೋಗದವನೂ ನಾನೇ.

ಡಿಸೆಂಬರಿನಲ್ಲಿ ಬರ್ತೀಯಲ್ಲ, ಒಂದು ಶುಕ್ರವಾರ ನನಗಾಗಿ ಇಟ್ಟುಕೋ. ಬೆಳಗಿನ ಆಟ, ಪೋಸ್ಟರ್ ಕೂಡ ಅಂಟಿಸಿರದ ಯಾವುದಾದರೂ ಕನ್ನಡ ಸಿನಿಮಾ. ಕೋಡುಬಳೆ ನಾನು ತರ್ತೀನಿ. ಒಳಗೆ ಬಿಡಲ್ಲ, ಹೊರಗೇ ತಿಂದು ಮುಗಿಸೋಣ.

ನಿನ್ನ,
ಗಾಂಧಿ ಕ್ಲಾಸ್ ಗೆಳೆಯ