ಪಿ52 ಚಿತ್ರವನ್ನು ಮುಂದಕ್ಕೆ ಕಳಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಓಡಾಡುತ್ತಿರುವ ಪಪೈರಸ್ (ಜೊಂಡಿನಿಂದ ಮಾಡುತ್ತಿದ್ದ ಪ್ರಾಚೀನ ಕಾಗದ) ಚೂರಿನ ಚಿತ್ರ ಅಸಲಿಯೇ. ಬೈಬಲಿನ ಯೋಹಾನನ ಸುವಾರ್ತೆಯ ಆ ಹಳೆಯ ತುಣುಕನ್ನು ವಿದ್ವಾಂಸರು ಪಿ52 ಎಂದು ಕರೆಯುತ್ತಾರೆ. ಮೂಲ ತುಣುಕು ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಆದರೆ ಚಿತ್ರದ ಕೆಳಗಿನ 'ಕ್ರಿ.ಶ. 125ರಲ್ಲೇ ಬರೆದದ್ದು, ಸಾಬೀತಾಗಿದೆ' ಎಂಬ ಸಾಲನ್ನು ದಯವಿಟ್ಟು ತೆಗೆದು ಕಳಿಸಿ.

ಆ ತುಣುಕಿನ ಮೇಲೆ ಎಲ್ಲೂ ತಾರೀಖಿಲ್ಲ. 1920ರಲ್ಲಿ ಪಪೈರಸ್ ವಿದ್ವಾಂಸ ಬರ್ನಾರ್ಡ್ ಗ್ರೆನ್‌ಫೆಲ್ ಈಜಿಪ್ಟಿನಲ್ಲಿ ಕೊಂಡದ್ದನ್ನು 1935ರಲ್ಲಿ ಇನ್ನೊಬ್ಬ ವಿದ್ವಾಂಸ ಸಿ. ಎಚ್. ರಾಬರ್ಟ್ಸ್ ಪ್ರಕಟಿಸಿದರು. ಅಕ್ಷರಗಳ ತಿರುವು, ಬಾಗುಗಳನ್ನು ಬೇರೆ ಪಪೈರಸ್‌ಗಳ ಜೊತೆ ಹೋಲಿಸಿ, ಎರಡನೇ ಶತಮಾನದ ಮೊದಲರ್ಧವೆಂದು ಅಂದಾಜಿಸಿದರು. ಒಬ್ಬ ಲಿಪಿಕಾರ ಕಲಿತ ಕೈಬರಹ ಅವನ ಜೊತೆ ದಶಕಗಟ್ಟಲೆ ಉಳಿಯುತ್ತದಲ್ಲ, ಹಾಗಾಗಿ ಬರಹ ನೋಡಿ ಒಂದೇ ಇಸವಿ ಹೇಳಲು ಬರುವುದಿಲ್ಲ. 2005ರಲ್ಲಿ ವಿದ್ವಾಂಸ ಬ್ರೆಂಟ್ ನೋಂಗ್‌ಬ್ರಿ ಇದೇ ವಾದವನ್ನು ವಿವರವಾಗಿ ಮಂಡಿಸಿ, ಎರಡನೇ ಶತಮಾನದ ಕೊನೆ, ಮೂರನೆಯದರ ಆರಂಭವನ್ನೂ ತಳ್ಳಿಹಾಕಲಾಗದು ಎಂದರು. ನನಗೆ ಅವರ ಎಚ್ಚರಿಕೆಯೇ ಸರಿಯೆನಿಸುತ್ತದೆ.

ನಿಜಕ್ಕೂ ಮೈ ಜುಮ್ಮೆನ್ನಿಸುವುದು ಬೇರೆಯೇ ಸಂಗತಿ. ಅಂಗೈಯಲ್ಲಿ ಹಿಡಿಸುವಷ್ಟು, ಸುಮಾರು 9 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲದ ಆ ಚೂರಿನ ಎರಡೂ ಬದಿಯಲ್ಲಿ ಬರಹವಿದೆ. ಮುಂದೆ ಯೋಹಾನನ ಸುವಾರ್ತೆ 18:31–33ರ ಭಾಗ, ಹಿಂದೆ 37–38ರ ಭಾಗ. ಸುರುಳಿಗಳಲ್ಲಿ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಬರೆಯುತ್ತಿದ್ದರು. ಅಂದರೆ ಇದು ಸುರುಳಿಯಲ್ಲ, ಹಾಳೆ ಮಗುಚುವ ಪುಸ್ತಕದ ಒಂದು ಪುಟ! ಒಡೆದ ಸಾಲುಗಳ ನಡುವೆ ಕಳೆದುಹೋದದ್ದನ್ನು ವಿದ್ವಾಂಸರು ಅಕ್ಷರ ಎಣಿಸಿ ತುಂಬಿಸುತ್ತಾರೆ.

ಭಾನುವಾರದ ಓದಿಗೆ ಬರುವವರು ಕನ್ನಡ ಬೈಬಲ್ ಜೊತೆಗಿಟ್ಟುಕೊಳ್ಳಿ, ರೋಮನ್ ಅಧಿಪತಿ ಪಿಲಾತ ಯೇಸುವನ್ನು ವಿಚಾರಣೆ ಮಾಡುವ ಆ ವಾಕ್ಯಗಳನ್ನು ಒಮ್ಮೆ ಓದಿಕೊಂಡಿರಿ. ಚಿತ್ರದ ಸ್ಪಷ್ಟ ಪ್ರತಿ ಸಿಕ್ಕವರು ಇಲ್ಲೇ ಹಾಕಿ.