ಭಾನುವಾರ ಕರಿಘಟ್ಟದ ಕಡೆ

ಗೆಳೆಯರೇ, ಮಣ್ಣಿನ ದಾರಿಯ ಸೈಕಲ್ ಸವಾರಿಗೆ ಭಾನುವಾರ ಬೆಳಿಗ್ಗೆ 6ಕ್ಕೆ ಮೈಸೂರಿನ ಬನ್ನಿಮಂಟಪದ ಹತ್ತಿರ ಸೇರೋಣ. ಅಲ್ಲಿಂದ ಶ್ರೀರಂಗಪಟ್ಟಣ, ಆಮೇಲೆ ಕರಿಘಟ್ಟ ಬೆಟ್ಟ.

ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಸೈಕಲ್ ಇಳಿಸೋಣ ಅಂತ ಕೆಲವರು ಕೇಳಿದ್ದೀರಿ. ನಾನಂತೂ ಒಪ್ಪಲ್ಲ. ಅಲ್ಲಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ, ಬಗ್ಗಿಕೊಂಡೇ ಹತ್ತುವ ಹೆಂಗಸರು ಇರುತ್ತಾರೆ. ಮೇಲಿಂದ ಸೈಕಲ್ ಬಂದರೆ ಅವರು ಎಲ್ಲಿಗೆ ಸರಿಯಬೇಕು? ನಮಗೆ ಮಣ್ಣಿನ ದಾರಿ ಬೇಕಾದಷ್ಟಿದೆ.

ಗದ್ದೆ ಬದುವಿನ ಮೇಲೂ ಸೈಕಲ್ ಹತ್ತಿಸಬೇಡಿ. ಬದು ಕುಸಿದರೆ ಕಟ್ಟಿದ ನೀರೆಲ್ಲ ಹರಿದುಹೋಗುತ್ತದೆ. ದನ ಎದುರಾದರೆ ಇಳಿದು ನಿಲ್ಲಿ, ಸುಮ್ನೆ ಬೆಲ್ ಹೊಡೆದು ಬೆದರಿಸಬೇಡಿ.

ಟೈರಿನ ಗಾಳಿ ಡಾಂಬರು ರಸ್ತೆಗೆ ಹಾಕುವುದಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಹಿಡಿತ ಚೆನ್ನಾಗಿರುತ್ತದೆ. ಆದರೆ ಟ್ಯೂಬ್ ಇರುವವರು ತೀರಾ ಇಳಿಸಬೇಡಿ. ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಜಾಲಿ ಮುಳ್ಳು ಜಾಸ್ತಿ. ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ನಿಧಾನವಾಗಿ ಬೆರಳಾಡಿಸಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ.

ಹೆಲ್ಮೆಟ್ ಇಲ್ಲದವರು ಬರುವುದು ಬೇಡ. ಪಂಪ್ ನಾನು ತರುತ್ತೇನೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.